ರಾಯರಿಗೆ ಕೊಟ್ಟ ತಪ್ಪು ವಿಳಾಸ

ತೀರಿಕೊಂಡ ಗಂಡನ ವಿಷಯವನ್ನು ಸರೋಜಮ್ಮ ಆ ದಿನದ ಸುದ್ದಿಯಾಗಿಯೇ ಹೇಳುತ್ತಿದ್ದರು.

"ಬೆಳಗಿನ ಜಾವ ಇವ್ರು ಬಂದಿದ್ರು ಮೂರ್ತಿ. ಒಂದು ಚೀಲ ಹಸಿ ಬಟಾಣಿ ಬಾಗಿಲ ಹತ್ರ ಇಟ್ಟು, ನೀರು ಕಾದಿದೆಯಾ ಅಂದ್ರು. ಗೀಸರ್ ಹಾಕೋಷ್ಟ್ರಲ್ಲಿ ನಂಗೆ ಎಚ್ಚರ ಆಗೋಯ್ತು."

ಲೋಧಿ ಕಾಲೋನಿಯ ಹಾಲಿನ ಬೂತಿನ ಮುಂದೆ, ಮಂಜಿನಲ್ಲಿ ಅರ್ಧ ಕರಗಿದಂತೆ ನಿಂತು ಹೀಗೆ ಹೇಳುವಾಗ ಅವರ ಮುಖದಲ್ಲಿ ದುಃಖಕ್ಕಿಂತ ಗೀಸರ್ ತಡವಾದ ಬೇಸರವೇ ಹೆಚ್ಚಿರುತ್ತಿತ್ತು.

ಆಕೆಯ ಗಂಡ ರಾಯರು ದಿಲ್ಲಿಯ ಸರಕಾರಿ ಆಫೀಸಿನಲ್ಲಿ ನಮ್ಮ ಸೆಕ್ಷನ್ನಿನ ಹಿರಿಯರು. ನನ್ನ ಟಿಪ್ಪಣಿಗಳನ್ನು ತಿದ್ದಿ ತಿದ್ದಿ ನನ್ನನ್ನು ಮನುಷ್ಯನನ್ನಾಗಿ ಮಾಡಿದರು. ಎಷ್ಟರ ಮಟ್ಟಿಗೆ ಎಂಬುದು ಬೇರೆ ಮಾತು. ನಿವೃತ್ತಿಗೆ ಎರಡು ವರ್ಷವಿರುವಾಗ ಎದೆನೋವು ಬಂದು ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಮೈಸೂರಿನ ತಮ್ಮನ ಮನೆಗೆ ಹೋಗಬಾರದೇ ಎಂದರೆ ಸರೋಜಮ್ಮ, "ಅಲ್ಲಿ ಇವ್ರಿಗೆ ಹೊಂದಲ್ಲ" ಎನ್ನುತ್ತಿದ್ದರು. ಹೋದವರನ್ನು 'ಅವರು' ಎನ್ನಲು ಆಕೆಯ ನಾಲಿಗೆ ಒಪ್ಪಿರಲಿಲ್ಲ. ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿರುವವರ ಹಾಗೆ 'ಇವ್ರು', ಅಷ್ಟೇ.

ಸರಕಾರಿ ಕ್ವಾರ್ಟರ್ಸ್ ಬಿಡುವ ಗಡುವು ಬಂತು. ಮನೆ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಬಂತು ಅನ್ನುವುದಕ್ಕಿಂತ, ಚಿಂತೆಗೆ ಹೊಸ ವಿಷಯ ಸಿಕ್ಕಿತೆಂದು ನಾನೇ ಹೊತ್ತುಕೊಂಡೆ. ಮಯೂರ್ ವಿಹಾರ್ ಫೇಸ್ ಒನ್‌ನಲ್ಲಿ ಒಂದು ಫ್ಲ್ಯಾಟ್ ನೋಡಿ ಬಂದು, "ಇನ್ಮೇಲೆ ಕಾಗದ ಪತ್ರ ಅಲ್ಲಿಗೆ ಬರೋ ಹಾಗೆ ಪೋಸ್ಟಾಫೀಸಿಗೆ ಅರ್ಜಿ ಕೊಡೋಣ" ಎಂದೆ.

"ಅದು ಸರಿ. ಇವ್ರಿಗೆ?"

ತಮಾಷೆಯಲ್ಲ. ಕನಸಿನಲ್ಲಿ ರಾಯರು ಬರುತ್ತಿದ್ದುದು ಯಾವಾಗಲೂ ಕ್ವಾರ್ಟರ್ಸಿನ ಬಾಗಿಲಿಗೇ. ಅಲ್ಲಿ ಬೇರೆಯವರ ಚಪ್ಪಲಿ ಕಂಡರೆ ಏನು ಮಾಡಿಯಾರು? ನಾನು ಗುಮಾಸ್ತನ ಶಿಸ್ತಿನಿಂದ ಚೀಟಿಯಲ್ಲಿ ಬರೆದುಕೊಟ್ಟೆ: ಮಯೂರ್ ವಿಹಾರ್, ಫೇಸ್ ಒನ್, ಪಾಕೆಟ್ ನಾಲ್ಕು. ಆಕೆ ಬಾಯಿಪಾಠ ಮಾಡಿಕೊಂಡರು. ಮೂರನೆಯ ದಿನ ಬೂತಿನ ಹತ್ತಿರ, "ಹೇಳ್ದೆ. ಎರಡು ಸಲ ಹೇಳಿಸ್ಕೊಂಡ್ರು" ಎಂದು ನೆಮ್ಮದಿಯಿಂದ ನಕ್ಕರು.

ಆ ಫ್ಲ್ಯಾಟ್ ಕೈತಪ್ಪಿತು. ಕೊನೆಗೆ ಸಿಕ್ಕಿದ್ದು ಫೇಸ್ ತ್ರೀನಲ್ಲಿ. ದಿಲ್ಲಿಯಲ್ಲಿದ್ದವರಿಗೆ ಗೊತ್ತು, ಹೆಸರೊಂದೇ, ಊರು ಬೇರೆ. ಎಷ್ಟು ಜನ ನೆಂಟರು ಒಂದರಲ್ಲಿ ಇಳಿದು ಮೂರನ್ನು ಹುಡುಕುತ್ತ ಬಿಸಿಲಲ್ಲಿ ಒಣಗಿದ್ದಾರೋ! ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ರಾಯರಿಗೆ ಹೊಸ ವಿಳಾಸ ಹೇಳುವ ನೆನಪು ನಮ್ಮಿಬ್ಬರಿಗೂ ಆಗಲಿಲ್ಲ.

ಹೊಸ ಮನೆಗೆ ಹೋಗಿ ಎರಡು ತಿಂಗಳಾದರೂ ರಾಯರು ಬರಲಿಲ್ಲ. ಸರೋಜಮ್ಮ ಮಧ್ಯಾಹ್ನವೂ ಮಲಗಿ ನೋಡಿದರು. ಒಂದು ದಿನ ನಾನು ಹೋದಾಗ ಕಾಫಿ ಕೊಟ್ಟು, "ಅವ್ರು ಇನ್ನು ಬರಲ್ಲ ಮೂರ್ತಿ" ಎಂದರು.

ಆ 'ಅವ್ರು' ಕೇಳಿದ್ದೇ ತಡ, ರಾಯರು ಸತ್ತದ್ದು ಅವತ್ತೇ ಅನ್ನಿಸಿತು, ಅದೂ ನನ್ನ ಚೀಟಿಯಿಂದ.

"ನಡೀರಿ, ಭಾನುವಾರ ಫೇಸ್ ಒನ್‌ಗೆ ಹೋಗಿ ಕೂತ್ಕೊಳ್ಳೋಣ" ಎಂದುಬಿಟ್ಟೆ.

ಕೈತಪ್ಪಿದ ಫ್ಲ್ಯಾಟಿನ ಎದುರು ಒಂದು ಪಾರ್ಕು. ಚಳಿಗಾಲದ ಬಿಸಿಲು; ಹೆಂಗಸರು ಹೆಣಿಗೆ ಹಾಕುತ್ತ, ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಚೌಕೀದಾರ ಬಂದು, "ಕಿಸ್ ಸೇ ಮಿಲ್‌ನಾ ಹೈ?" ಎಂದ. ಯಾರನ್ನು ನೋಡಬೇಕೆಂದು ಹೇಳಲಿ? ನಾನು ತಡವರಿಸುತ್ತಿದ್ದಾಗ ಸರೋಜಮ್ಮ ತಮ್ಮ ಮೈಸೂರು ಹಿಂದಿಯಲ್ಲಿ, "ಹಮಾರಾ ಆದ್ಮಿ ಆಯೇಗಾ", ನಮ್ಮ ಯಜಮಾನರು ಬರುತ್ತಾರೆ, ಎಂದರು.

"ಅಚ್ಛಾ ಮಾತಾಜಿ, ಬೈಠಿಯೇ" ಎಂದು ಕೂರಲು ಹೇಳಿ ಅವನು ಹೋದ.

ಸರೋಜಮ್ಮ ಶಾಲು ಹೊದ್ದು ಕಣ್ಣು ಮುಚ್ಚಿದರು. ನಿದ್ದೆ ಹತ್ತಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ ನನಗೆ ಕಾಲ ನಿಂತುಬಿಟ್ಟಂತೆ ತೋರಿತು. ದೂರದಲ್ಲಿ ಯಾರೋ ಮಫ್ಲರ್ ಸುತ್ತಿಕೊಂಡವರು ಮನೆ ನಂಬರು ನೋಡುತ್ತ ನಿಧಾನವಾಗಿ ಹೋದರು. ನಾನು ಏಳಲಿದ್ದವನು ನಾಚಿ ಕೂತೆ. ಇನ್ನೊಂದು ಗಳಿಗೆ ಹೋದರೆ ಆಕೆ ಎದ್ದು ಮನೆಗೆ ಹೋಗೋಣ ಎನ್ನುತ್ತಾರೆ ಎಂದು ಖಚಿತವಾದಾಗ, ನಾನು ಕಣ್ಣು ಮುಚ್ಚಿ ತಲೆ ವಾಲಿಸಿ, ನಿದ್ದೆಯಲ್ಲಿ ಬಡಬಡಿಸುವವರ ಹಾಗೆ ಶುರುಮಾಡಿದೆ: "ಇಲ್ಲಲ್ಲ ಸಾರ್, ಫೇಸ್ ತ್ರೀ... ಮೂರನೇ ಮಹಡಿ... ತಪ್ಪು ನಂದು ಸಾರ್, ಕ್ಷಮಿಸಿ."

ಅದರಲ್ಲಿ ಕೊನೆಯ ಮಾತೊಂದೇ ನಟನೆಯಲ್ಲ.

ಸರೋಜಮ್ಮ ನನ್ನ ಭುಜ ಅಲುಗಾಡಿಸಿದರು. "ಏನ್ರೀ, ಬಂದಿದ್ರಾ?"

"ಬಂದಿದ್ರು."

"ಏಳಿ ಮತ್ತೆ! ಮನೇಗೆ ಬೀಗ ಹಾಕಿದೆಯಲ್ರೀ!" ಎನ್ನುತ್ತ ಶಾಲು ಎಳೆದುಕೊಂಡು ಆಟೋ ಕಡೆಗೆ ಹೊರಟೇಬಿಟ್ಟರು.

ಮರುದಿನ ಆಫೀಸಿಗೆ ಫೋನ್ ಬಂತು. "ಇವ್ರು ಬಂದಿದ್ರು ಮೂರ್ತಿ. ಮೆಟ್ಟಿಲು ಹತ್ತಿ ಸುಸ್ತಾಗಿ, ಆ ಪ್ರಾಣಿಗೆ ಕೆಳಗಿನ ಮನೆ ಸಿಗ್ಲಿಲ್ವೇನೆ ಅಂತ ನಿಮ್ಮನ್ನ ಬೈದ್ರು." ಬೈಗುಳ ಕೇಳಿ ಅಷ್ಟು ಹಗುರಾದದ್ದು ನನ್ನ ಸರ್ವೀಸಿನಲ್ಲೇ ಇಲ್ಲ.

ಆಮೇಲೆ ಮೂರು ವರ್ಷ ಸರೋಜಮ್ಮ ಇದ್ದರು. ಹೋಗುವ ಹದಿನೈದು ದಿನ ಮುಂಚೆ ನೋಡಲು ಹೋಗಿದ್ದೆ. ದನಿ ಸಣ್ಣಗಾಗಿತ್ತು, ಹತ್ತಿರ ಕರೆದರು.

"ಅವತ್ತು ಪಾರ್ಕಲ್ಲಿ ನೀವು ಮಲಗಿರ್ಲಿಲ್ಲ."

ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.

"ಕಣ್ಣು ಮುಚ್ಕೊಂಡು ಕಾಲು ಕುಣಿಸ್ತಿದ್ರಿ. ನಿದ್ದೇಲಿ ಯಾರಾದ್ರೂ ಕಾಲು ಕುಣಿಸ್ತಾರೇನ್ರೀ?"

"ಮತ್ತೆ ಯಾಕೆ ನಂಬಿದ್ರಿ ಸರೋಜಮ್ಮ?"

"ನಿಮ್ಮನ್ನ ಯಾರು ನಂಬಿದ್ರು?" ಎಂದು ನಕ್ಕರು. "ವಿಳಾಸ ಜೋರಾಗೇ ಹೇಳಿದ್ರಲ್ಲ. ಇವ್ರು ಅಲ್ಲೇ ಎಲ್ಲೋ ಹುಡುಕ್ತಾ ಇದ್ರು. ಕೇಳಿಸ್ಕೊಂಡ್ರು."