ಟೆರೇಸಿನ ಮೇಲೆ ತಿಪ್ಪರಲಾಗ

ಹೋದ ಶನಿವಾರ ಸಂಜೆ ನಮ್ಮ ಮನೆಯ ಟೆರೇಸಿನ ಮೇಲೆ ಒಬ್ಬ ಗಂಡಸು ಕಣ್ಣು ಮುಚ್ಚಿಕೊಂಡು ಓಡಾಡುತ್ತಿದ್ದ. ಬಲಗೈ ಮುಷ್ಟಿ ಹೊಟ್ಟೆಯ ಹತ್ತಿರ. ಎಡಗೈ ಏನನ್ನೋ ಮುಂದಕ್ಕೆ ತಳ್ಳುತ್ತಿತ್ತು. ಇದ್ದಕ್ಕಿದ್ದ ಹಾಗೆ ಮೈ ಎಡಕ್ಕೆ ವಾಲುತ್ತಿತ್ತು, ಆಮೇಲೆ ತಲೆ ಹಿಂದಕ್ಕೆ. ಬಾಯಲ್ಲಿ ಏನೋ ಮಣಮಣ.

ಪಕ್ಕದ ಟೆರೇಸಿನಲ್ಲಿ ನಾವು ಮಾಶಿಮಾ ಎಂದು ಕರೆಯುವ ನೆರೆಮನೆಯ ಬಂಗಾಳಿ ಹಿರಿಯಾಕೆ ಒಣಹಾಕಿದ್ದ ಬೊಡಿ (ನಮ್ಮ ಸಂಡಿಗೆಯ ಬಂಗಾಳಿ ತಂಗಿ) ತೆಗೆಯುತ್ತಿದ್ದರು. ನೋಡಿದರು. ರೋಗ ಗೊತ್ತಾಗಲು ಅರ್ಧ ನಿಮಿಷ ಸಾಕಾಯಿತು. ನಿಮ್ಮ ಮನೆಗೆ ಬಂದ ಹುಡುಗನಿಗೆ ಗ್ಯಾಸ್ ಆಗಿದೆ, ಎದೆಗೇರಿದೆ ಎಂದು ನಮ್ಮ ಅಡುಗೆಮನೆಯ ಕಿಟಕಿಗೆ ಕೇಳುವಂತೆ ಸಾರಿದರು. (ಕೊಲ್ಕತ್ತದಲ್ಲಿ ಮನುಷ್ಯನಿಗೆ ಬರುವ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಗ್ಯಾಸು. ಉಳಿದದ್ದು ಶೀತ.)

ಅಮ್ಮ ಮೆಟ್ಟಿಲು ಹತ್ತಿ ಇಣುಕಿ ಬಂದರು. ಅಮ್ಮನ ತವರು ಮೈಸೂರಿನ ಹತ್ತಿರ. ಅವರ ತೀರ್ಮಾನ ಬೇರೆಯೇ ಇತ್ತು. "ಗ್ಯಾಸಲ್ಲ ಕಣ್ರೀ, ಮೈಮೇಲೆ ಬಂದಿದೆ," ಎಂದು ಅಪ್ಪನ ಕಿವಿಯಲ್ಲಿ ಉಸುರಿದರು.

ಆ ಗಂಡಸು ನನ್ನನ್ನು ನೋಡಲು ಬಂದ ಗಂಡು.

ಈ ಅಂಕಣದಲ್ಲಿ ಮನೆಯ ವಿಷಯ ಬರೆಯಬಾರದು ಎಂಬುದು ನಾನೇ ಹಾಕಿಕೊಂಡ ನಿಯಮ. ಈ ವಾರ ಮುರಿಯುತ್ತಿದ್ದೇನೆ. ಮುಂದಿನ ವಾರ ಕೇಳಬೇಡಿ.

ನಾನು ಸೆಕ್ಟರ್ ಫೈವಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ. ಸಹಜವಾಗಿಯೇ, ನನ್ನನ್ನು ನೋಡಲು ಬಂದ ಗಂಡುಗಳೂ ಸಾಫ್ಟ್‌ವೇರಿನವರೇ. ಒಬ್ಬ ಆನ್‌ಸೈಟಿನಲ್ಲಿದ್ದ, ಒಬ್ಬ ಆನ್‌ಸೈಟಿಗೆ ಹೊರಟಿದ್ದ, ಮತ್ತೊಬ್ಬ ಆನ್‌ಸೈಟಿನಿಂದ ಬಂದು ಮತ್ತೆ ಹೊರಟಿದ್ದ. ಜಾತಕಕ್ಕಿಂತ ಮೊದಲು ವೀಸಾದ ಸುದ್ದಿ ಬರುತ್ತಿತ್ತು.

ಅಷ್ಟರಲ್ಲಿ ಮೈಸೂರಿನಿಂದ ಸೋದರಮಾವ ಫೋನ್ ಮಾಡಿ, ಹುಡುಗನ ಹೆಸರು ಶ್ರೀಧರ, ಏರ್ ಶೋದಲ್ಲಿದ್ದಾನೆ ಎಂದರು. ಲೈನು ಕರಕರ ಎನ್ನುತ್ತಿತ್ತು. ಅಮ್ಮನಿಗೆ 'ಏರ್' ಕೇಳಿಸಿತು, 'ಶೋ' ಕೇಳಿಸಿತು, ಉಳಿದದ್ದನ್ನು ತಾವೇ ತುಂಬಿಸಿಕೊಂಡರು. ಎರಡು ವಾರ ನಮ್ಮ ಮನೆಯಲ್ಲಿ ಶ್ರೀಧರ ಏರ್‌ಕೂಲರ್ ಶೋರೂಮಿನ ಮಾಲೀಕನಾಗಿದ್ದ.

ನಿಜ ಗೊತ್ತಾದ ದಿನ ಅಪ್ಪ ಪೇಪರ್ ಮಡಚಿಟ್ಟು, ಅವನು ತಿಪ್ಪರಲಾಗ ಹಾಕಿದರೂ ನಾನು ಮಗಳನ್ನು ಕೊಡುವುದಿಲ್ಲ ಎಂದರು. ಪಾಪ, ಅವನು ಹಾಕುವುದೇ ಅದನ್ನು. ಆಕಾಶದಲ್ಲಿ, ಇನ್ನೂ ಐದು ವಿಮಾನಗಳ ಜೊತೆ, ಬಣ್ಣದ ಹೊಗೆ ಬಿಟ್ಟುಕೊಂಡು.

ಆದರೆ ಮಾವ ಆಗಲೇ ವಿಳಾಸ ಕೊಟ್ಟಾಗಿತ್ತು. ಭಾನುವಾರದ ಪ್ರದರ್ಶನಕ್ಕೆ ವಾಯುಪಡೆಯ ಅವನ ತಂಡ ಕೊಲ್ಕತ್ತಕ್ಕೆ ಬಂದೂ ಆಗಿತ್ತು. ಬರಲಿ, ಕಾಫಿ ಕೊಟ್ಟು ಕಳಿಸೋಣ ಎಂದರು ಅಪ್ಪ.

ಬಂದ. ಉಪ್ಪಿಟ್ಟು, ಕೇಸರಿಬಾತಿನ ಎದುರು ಕೂತು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ದಾವಣಗೆರೆಯ ಮೇಷ್ಟರ ಮಗ. ಹತ್ತೊಂಬತ್ತಕ್ಕೆ ವಾಯುಪಡೆ ಸೇರಿದ್ದು. ತರಬೇತಿಯಲ್ಲಿ ವಿಮಾನ ಮೊದಲ ಸಲ ಮಗುಚಿದಾಗ ಬೇರೆ ದಾರಿ ಕಾಣದೆ ತನ್ನ ಗ್ಲೌಸಿನೊಳಗೇ ವಾಂತಿ ಮಾಡಿಕೊಂಡಿದ್ದನಂತೆ. (ಇದನ್ನು ಉಪ್ಪಿಟ್ಟು ತಿನ್ನುತ್ತಲೇ ಹೇಳಿದ. ನಾನು ತಟ್ಟೆ ಕೆಳಗಿಟ್ಟೆ.) ಆಮೇಲೆ ಯುದ್ಧವಿಮಾನ, ಹೊಸಬರಿಗೆ ಪಾಠ ಹೇಳುವ ಕೆಲಸ, ಕೊನೆಗೆ ಈ ತಂಡ. ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ ಮೇಲೇ ಜನರ ಮುಂದೆ ಹಾರಲು ಬಿಟ್ಟದ್ದು. ಅವನ ವಿಮಾನ ನಂಬರ್ ಐದು. ಇನ್ನು ಎರಡು ವರ್ಷ ಅದರಲ್ಲೇ.

ಶುಕ್ರವಾರದ ರಿಹರ್ಸಲಿನಲ್ಲಿ ನಮ್ಮ ಊರು ಮೇಲಿನಿಂದ ಹೇಗೆ ಕಂಡಿತು ಎಂದು ಅಪ್ಪ ಕೇಳಿದರು. ಹೌರಾ ಸೇತುವೆ? ವಿಕ್ಟೋರಿಯಾ?

"ನೋಡ್ಲಿಲ್ಲ ಸರ್. ಲೀಡರ್ ವಿಮಾನದ ರೆಕ್ಕೆ ಮೇಲೆ ಒಂದು ಸ್ಕ್ರೂ ಇದೆ. ಜಾಗ ತಪ್ಪದ ಹಾಗೆ ನಾನು ಪೂರ್ತಿ ಅದನ್ನೇ ನೋಡ್ತಿರ್ತೀನಿ."

ದೇಶದ ಎಷ್ಟೋ ಊರುಗಳ ಮೇಲೆ ಹಾರಿದ್ದಾನೆ. ಎಲ್ಲ ಕಡೆಯೂ ಅದೇ ಸ್ಕ್ರೂ. ಇಪ್ಪತ್ತೆಂಟು ವರ್ಷ ಕೊಲ್ಕತ್ತದ ಉಪ್ಪು ತಿಂದ ಅಪ್ಪನಿಗೆ ಇದು ಊರಿಗೆ ಮಾಡಿದ ಅವಮಾನದಂತೆ ಕಂಡಿತು. ಹಾಗಾದರೆ ಎರಡು ವಿಮಾನದ ನಡುವೆ ಎಷ್ಟು ಜಾಗ ಎಂದರು. ಅವನು ನಮ್ಮ ಊಟದ ಮೇಜಿನ ಈ ತುದಿ ಆ ತುದಿ ತೋರಿಸಿದ.

ಅಪ್ಪ ರೈಲ್ವೆಯ ಸಿಗ್ನಲ್ ವಿಭಾಗದವರು. ಇಲ್ಲಿನ ಸಿಯಾಲ್ದಾ ಸ್ಟೇಷನ್ನಿನಲ್ಲೇ ತಲೆಗೂದಲು ಬೆಳ್ಳಗಾದದ್ದು. "ಎರಡು ಗಾಡಿ ಹತ್ತಿರ ಬರದ ಹಾಗೆ ನೋಡ್ಕೊಳ್ಳೋದಕ್ಕೆ ನನಗೆ ಸಂಬಳ ಕೊಟ್ರು ಕಣಪ್ಪಾ. ನಿನಗೆ ಹತ್ತಿರ ಹೋಗೋದಕ್ಕೆ ಕೊಡ್ತಾರೆ."

ಶ್ರೀಧರ ಕಾಫಿ ಮುಗಿಸಿ ಗಡಿಯಾರ ನೋಡಿದ. ನಾಳೆ ಶೋ ಇದೆ, ಹತ್ತು ನಿಮಿಷ ಟೆರೇಸ್ ಸಿಗಬಹುದಾ ಎಂದು ಕೇಳಿದ. ಸಿಗರೇಟಿಗಿರಬೇಕು ಎಂದುಕೊಂಡೆವು. ಆಮೇಲಿನದು ನಿಮಗೆ ಗೊತ್ತು.

ಅಷ್ಟರಲ್ಲಿ ಮಾಶಿಮಾ ಗೋಡೆಯ ಮೇಲಿಂದ ಗ್ಯಾಸಿಗೆ ಮದ್ದೆಂದು ಒಂದು ಲೋಟ ಓಮದ ಅರ್ಕ ದಾಟಿಸಿದ್ದರು. ಅಮ್ಮನಿಗೆ ಹತ್ತಿರ ಹೋಗಲು ಭಯ. ಅಪ್ಪನಿಗೆ ಸಿಟ್ಟು. ಲೋಟ ಹಿಡಿದು ನಾನೇ ಹೋದೆ.

ಕಣ್ಣು ಬಿಟ್ಟ. ಪ್ರಶ್ನೆ ಕೇಳದೆ ಕುಡಿದ. ತಲೆಕೆಳಗಾಗಿ ಹಾರುವ ಮನುಷ್ಯನ ಮುಖ ಹಾಗೆ ಹಿಂಡಿಹೋದದ್ದು ನೋಡಿ ನನಗೆ ನಗು ಬಂತು. ಆಮೇಲೆ ವಿವರಿಸಿದ: ಹಾರುವ ಮುಂಚೆ ಇಡೀ ಆಟವನ್ನು ಅವರೆಲ್ಲ ನೆಲದ ಮೇಲೆ ನಡೆದು ನೋಡುತ್ತಾರೆ. ಯಾವ ಸೆಕೆಂಡಿಗೆ ವಾಲಬೇಕು, ಯಾವಾಗ ಮಗುಚಬೇಕು ಎಲ್ಲ. ಆಗುವ ತಪ್ಪೆಲ್ಲ ಇಲ್ಲೇ ಆಗಿಹೋಗಲಿ ಅಂತ. (ನಾನು ಬ್ಯಾಂಕಿಗೆ ಫೋನ್ ಮಾಡುವ ಮುಂಚೆಯೂ ವಾಕ್ಯಗಳನ್ನು ಬಾಯಿಪಾಠ ಮಾಡುತ್ತೇನೆ. ಅದನ್ನು ಅವನಿಗೆ ಹೇಳಲಿಲ್ಲ.)

ಇಳಿದ ಮೇಲೆ ಏನು ಮಾಡುತ್ತೀರಿ ಎಂದೆ. ಇಳಿದ ಮೇಲೆ ಬಾಗಿಲು ಹಾಕಿಕೊಂಡು ಕೂರುತ್ತಾರಂತೆ. ಲೀಡರ್ ತಾನು ಮಾಡಿದ ತಪ್ಪನ್ನು ಮೊದಲು ಹೇಳಬೇಕು. ನಂತರ ಎರಡನೆಯವನು ತನ್ನದು. ಹೀಗೆ ಆರೂ ಜನ. ನೆಪ ಹೇಳುವಂತಿಲ್ಲ.

"ಇವತ್ತಿಂದು ಹೇಳ್ಬಿಡ್ತೀನಿ," ಎಂದ. "ಒಂದು, ತಿಂಡಿ ಹೊತ್ತಲ್ಲಿ ವಾಂತಿ ಕಥೆ ಹೇಳಿದ್ದು. ಎರಡು, ನಿಮ್ಮ ತಂದೆ ಎದುರು ಅವರ ಊರನ್ನ ನೋಡೇ ಇಲ್ಲ ಅಂದಿದ್ದು. ಮೂರು, ಟೆರೇಸ್ ಯಾಕೆ ಬೇಕು ಅಂತ ಬಿಡಿಸಿ ಹೇಳದೆ ಹತ್ತಿದ್ದು."

ಖಾಲಿ ಲೋಟ ನನ್ನ ಕೈಗೆ ಕೊಟ್ಟ. ನನ್ನ ಸರದಿ ಎಂದು ಅರ್ಥವಾಯಿತು. ನಿಮಗೆ ಕೇಳಲು ಆರು ಪ್ರಶ್ನೆ ತಯಾರು ಮಾಡಿಟ್ಟಿದ್ದೆ, ಒಂದನ್ನೂ ಕೇಳಲಿಲ್ಲ ಎಂದೆ. ಒಂದಾದರೂ ಕೇಳಿ ಎಂದ.

"ಈ ಕೆಲಸ ಬಿಡಿ ಅಂದ್ರೆ?"

"ಎರಡು ವರ್ಷ ಬಿಡಲ್ಲ. ಏನೂ ಆಗಲ್ಲ ಅಂತ ನಿಮ್ಮ ತಂದೆಗೆ ಮಾತು ಕೊಡೋಕ್ಕೂ ಆಗಲ್ಲ. ಸುಳ್ಳಾಗತ್ತೆ."

ನಾಲ್ಕು ವರ್ಷದಿಂದ ತಪ್ಪು ಹುಡುಕುತ್ತಿದ್ದೇನೆ. ಇವತ್ತಿನವರೆಗೆ ಒಬ್ಬ ಪ್ರೋಗ್ರಾಮರ್ ಕೂಡ ತಪ್ಪು ನನ್ನದು ಎಂದದ್ದಿಲ್ಲ. 'ನನ್ನ ಮೆಷಿನಿನಲ್ಲಿ ಸರಿಯಾಗೇ ಓಡ್ತಿದೆಯಲ್ಲ' ಎನ್ನುತ್ತಾರೆ. ಮನೆಯಲ್ಲಿ ಮಾತ್ರ ಬೇರೆಯೇ? ಪುರಿಯ ಧರ್ಮಶಾಲೆಯಲ್ಲಿ ಛತ್ರಿ ಮರೆತದ್ದು ಯಾರು ಎಂಬ ವಿಚಾರಣೆ ನಮ್ಮ ಅಪ್ಪ ಅಮ್ಮನ ನಡುವೆ ಹನ್ನೊಂದು ವರ್ಷದಿಂದ ನಡೆದಿದೆ. ನಿಮ್ಮ ಮನೆಯಲ್ಲಿ ಯಾವ ಛತ್ರಿ?

ರಾತ್ರಿ ಊಟಕ್ಕೆ ಕೂತಾಗ ನನಗೆ ಒಪ್ಪಿಗೆ ಎಂದೆ. ಅಪ್ಪ ಸಾರಿಗೆ ಉಪ್ಪು ಕಮ್ಮಿ ಎಂದರು.

ಭಾನುವಾರ ಮೈದಾನಕ್ಕೆ ಬರುವುದಿಲ್ಲ ಎಂದಿದ್ದ ಅಪ್ಪ ನನಗಿಂತ ಮೊದಲು ಚಪ್ಪಲಿ ಹಾಕಿಕೊಂಡರು. ನದಿಯ ಕಡೆಯಿಂದ ಆರು ವಿಮಾನ ಬಂದವು. ಎಲ್ಲ ಒಟ್ಟಿಗೆ ಮಗುಚಿಕೊಂಡಾಗ ಸುತ್ತಲಿನ ಜನ ಚಪ್ಪಾಳೆ ತಟ್ಟಿದರು. ಅಪ್ಪ ನನ್ನ ಮಣಿಕಟ್ಟು ಹಿಡಿದಿದ್ದರು. ಅವು ನೆಟ್ಟಗಾಗುವವರೆಗೆ ಬಿಡಲಿಲ್ಲ. ಬಳೆಯ ಗುರುತು ಸಂಜೆಯವರೆಗೂ ಇತ್ತು. ಮನೆಗೆ ಬಂದ ಮೇಲೆ ಹೊಗೆ ಯಾವ ಯಾವ ಬಣ್ಣ ಎಂದು ಅಮ್ಮ ಕೇಳಿದರು. ಅಪ್ಪನಿಗೆ ಗೊತ್ತಿರಲಿಲ್ಲ. ಐದನೆಯದನ್ನು ಬಿಟ್ಟು ಅವರು ಬೇರೇನನ್ನೂ ನೋಡಿರಲಿಲ್ಲ.

ಏಳು ಗಂಟೆಗೆ ಫೋನ್ ಬಂತು. ಅಪ್ಪ ಎತ್ತಿದರು. ಹೂಂ, ಹೂಂ ಎಂದಷ್ಟೇ ಕೇಳಿಸಿತು. ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಮೂರನೇ ತಿರುವಿನಲ್ಲಿ ಒಂದಡಿ ಹಿಂದೆ ಬಿದ್ದಿದ್ದನಂತೆ," ಎಂದರು. "ನಾನು ಕೇಳಲೂ ಇಲ್ಲ. ತಾನೇ ಫೋನ್ ಮಾಡಿ ಹೇಳ್ದ." ಆಮೇಲೆ, "ಮುಚ್ಚಿಡದೇ ಇರೋನ ಜೊತೆ ಬದುಕಬಹುದು ಪುಟ್ಟಿ. ಆಯ್ತು ಅಂತ ಮೈಸೂರಿನ ಮಾವನಿಗೆ ಹೇಳು."

ನಿಶ್ಚಿತಾರ್ಥ ಮುಂದಿನ ತಿಂಗಳು. ಎರಡು ವರ್ಷ ಆಕಾಶ ನೋಡಿಕೊಂಡು ಹೆದರುವುದಕ್ಕೆ ನಾನು ತಯಾರು. ನನಗೆ ನಿಜವಾಗಿ ತಿಳಿಯದಿರುವುದು ಇದೊಂದೇ: ತನ್ನ ತಪ್ಪನ್ನು ತಾನೇ ಮೊದಲು ಹೇಳಿಬಿಡುವ ಗಂಡನ ಜೊತೆ ಜಗಳ ಶುರು ಮಾಡುವುದು ಎಲ್ಲಿಂದ?