ಕೆಂಪು ಪಟ್ಟಿಯ ಸೌಟು

ಫ್ರೂಮಾ ಲಿಪ್‌ಮನ್‌ಗೆ ಭಾಷಣವೆಂದರೆ ಆಗದು. ಮ್ಯಾಂಚೆಸ್ಟರಿನ ಉತ್ತರದ ನಮ್ಮ ಯೆಹೂದಿ ಬೀದಿಗಳಿಗೆ ಯಾರೇ ಬಂದು ಏನೇ ಮಾತಾಡಲಿ, ಅವಳು ಪ್ರಾರ್ಥನಾಮಂದಿರದ ಅಡುಗೆಮನೆ ಬಿಟ್ಟು ಸಭಾಂಗಣಕ್ಕೆ ಬಂದವಳೇ ಅಲ್ಲ. ಮಾತಾಡುವವರು ಮಾತಾಡಲಿ, ಕೇಳಿಸಿಕೊಂಡವರಿಗೆ ಹಸಿವಾಗುತ್ತದಲ್ಲ, ಅದನ್ನು ನೋಡಿಕೊಳ್ಳುವುದಕ್ಕೂ ಒಬ್ಬರು ಬೇಕಲ್ಲ ಎನ್ನುತ್ತಿದ್ದಳು. ಮದುವೆಗೆ, ಮುಂಜಾನೆಯ ಸುನ್ನತಿಗೆ, ಹಬ್ಬಕ್ಕೆ, ಸಾವಿನ ಮನೆಗೆ, ಎಲ್ಲಕ್ಕೂ ಅವಳದೇ ಸಾರು. ನಾಲಿಗೆ ಮಾತ್ರ ಸಾರಿಗಿಂತ ಖಾರ. ಆದರೂ ಅವಳ ಬಾಯಿಂದ ಬೈಸಿಕೊಳ್ಳದ ಹೆಂಗಸು ನಮ್ಮಲ್ಲಿ ಯಾರಾದರೂ ಇದ್ದರೆ, ಅವಳು ಇತ್ತೀಚೆಗೆ ಊರಿಗೆ ಬಂದವಳು ಎಂದೇ ತಿಳಿಯಬೇಕು.

ಅವಳ ಅಪ್ಪ ಮಳೆಕೋಟಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವನು. ಗಂಡ ಲೇಜರ್ ಎಂಬವನ ಬೇಕರಿಯ ವ್ಯಾನು ಓಡಿಸುತ್ತಿದ್ದ. ಶುಕ್ರವಾರ ಮಧ್ಯಾಹ್ನ ವಾರದ ವಿಶ್ರಾಂತಿದಿನವಾದ ಸಬ್ಬತ್ತಿನ ರೊಟ್ಟಿಯನ್ನು ಮನೆಮನೆಗೆ ಮುಟ್ಟಿಸಿ, ದೀಪ ಹಚ್ಚುವ ಹೊತ್ತಿಗೆ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಂದು ನಿಲ್ಲುತ್ತಿದ್ದ. ಅವನು ತೀರಿಕೊಂಡಾಗ ಶೋಕದ ಏಳು ದಿನ ಫ್ರೂಮಾ ತಗ್ಗು ಮಣೆಯ ಮೇಲೆ ಕೂತು, ಬೇರೆಯವರು ತಂದುಕೊಟ್ಟದ್ದನ್ನು ತಿಂದಳು. ಮಣೆಯಿಂದ ಎದ್ದ ದಿನವೇ ನೆಟ್ಟಗೆ ಅಡುಗೆಮನೆಗೆ ಬಂದು, ಇಷ್ಟು ದಿನ ನೀವು ಕೊಟ್ಟದ್ದು ಸಾರೋ, ಪಾತ್ರೆ ತೊಳೆದ ನೀರೋ ಎಂದು ಕೇಳಿದಳು. ಅಳು ಬರುವ ಹಾಗಿದ್ದರೂ ಎಲ್ಲರೂ ನಕ್ಕುಬಿಟ್ಟರು.

ಮಗ ಲೀಡ್ಸಿನಲ್ಲಿದ್ದ, ವಾರವಾರ ಫೋನು ಮಾಡುತ್ತಿದ್ದ. ಅವಳಿಗೆ ಅದರಲ್ಲಿ ಕೊರತೆಯೇನೂ ಇರಲಿಲ್ಲ. ಆದರೆ ಬೆಳಗ್ಗೆ ಎದ್ದು ಕೋಟು ಹಾಕಿಕೊಂಡು ಹೊರಡಲು ಅವಳಿಗೊಂದು ಕಾರಣವೆಂದಿದ್ದರೆ, ಅದು ಏಪ್ರನ್ನಿನ ಜೇಬಿನಲ್ಲಿದ್ದ ಅಡುಗೆಮನೆಯ ಕೀಲಿ. ಆ ಕೀಲಿಗೇ ಈಗ ಕುತ್ತು ಬಂದಿತ್ತು.

ಮಹಿಳಾ ಮಂಡಳಿಯನ್ನು ಈ ವರ್ಷ ನಡೆಸುತ್ತಿದ್ದವಳು ಶಿಫ್ರಾ. ಚುರುಕಿನ ಹುಡುಗಿ, ಮನಸ್ಸು ಒಳ್ಳೆಯದು, ಆದರೆ ಎಲ್ಲವೂ ಅಚ್ಚುಕಟ್ಟಾಗಿರಬೇಕು. ಫ್ರೂಮಾ ಒಂದು ಸಲ ಆಲೂಗಡ್ಡೆಯ ಕಡುಬಾದ ಕುಗೆಲ್‌ಗೆ ಉಪ್ಪು ಹಾಕುವುದನ್ನು ಮರೆತಿದ್ದಳು. ಇನ್ನೊಂದು ಸಲ ಒಲೆ ಆರಿಸದೆ ಮನೆಗೆ ಹೋಗಿದ್ದಳು. ಹೋದ ವಾರ ಶಿಫ್ರಾ ಬಂದು, ಮುಖ ನೋಡದೆ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತ, ನಿಮಗೂ ವಯಸ್ಸಾಯಿತು, ಈ ಸಲದ ಸಂಜೆ ಹೇಗೆ ನಡೆಯುತ್ತದೋ ನೋಡೋಣ, ಇಲ್ಲವಾದರೆ ಪೇಟೆಯಿಂದ ಅಡುಗೆಯವರನ್ನು ಕರೆಸೋಣ ಎಂದಿದ್ದಳು. ಫ್ರೂಮಾ ಅಂದು ಯಾರನ್ನೂ ಬೈಯಲಿಲ್ಲ. ಅಷ್ಟು ಹೆದರಿಕೆಯಾಗಿತ್ತು ಅವಳಿಗೆ.

ಆ ಸಂಜೆ ಹೊಸ ತಿಂಗಳ ಮೊದಲ ದಿನದ್ದು, ನಮ್ಮಲ್ಲಿ ಹೆಂಗಸರ ಪಾಲಿನ ಅರ್ಧ ಹಬ್ಬ. ಬಟ್ಟೆ ಒಗೆಯುವುದು, ಹೊಲಿಯುವುದು ಇಲ್ಲ. ಗಂಡಂದಿರ ಕೈಗೆ ಮಕ್ಕಳನ್ನು ಒಪ್ಪಿಸಿ ಹೆಂಗಸರೆಲ್ಲ ಸಭಾಂಗಣದಲ್ಲಿ ಸೇರಿದ್ದರು. ಲಂಡನ್ನಿನಿಂದ ಯಾಯೆಲ್ ಎಂಬ ವಿದುಷಿ ಬಂದಿದ್ದಳು. ಬದುಕಿನ ಉದ್ದೇಶ ಏನು, ಸಂತೋಷ ಎಲ್ಲಿದೆ, ಅದು ಅವಳ ವಿಷಯ. ಅದು ಮುಗಿದ ಮೇಲೆ ಊಟ. ಎಲ್ಲ ಹಾಲಿನ ಅಡುಗೆ: ಕೆನೆ ಹಾಕಿದ ಅಣಬೆ ಸಾರು, ಗಿಣ್ಣಿನ ದೋಸೆಯ ಸುರುಳಿ, ಕೇಕು.

ನಮ್ಮ ಅಡುಗೆಮನೆಯಲ್ಲಿ ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ. ಒಂದು ಕಡೆಯದು ಬಿಸಿಯಲ್ಲಿ ಇನ್ನೊಂದಕ್ಕೆ ತಗುಲಿದರೆ, ಧರ್ಮಗುರು ರಬ್ಬಿಯನ್ನು ಕೇಳದೆ ಯಾರೂ ತುತ್ತೆತ್ತುವುದಿಲ್ಲ. ಮೊದಲು ಮಾಂಸದ ಸೌಟುಗಳಿಗೆ ಮರದ ಹಿಡಿ ಇತ್ತು, ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಶಿಫ್ರಾ ಅವನ್ನೆಲ್ಲ ತೆಗೆಸಿ ಒಂದೇ ತರಹದ ಹೊಳೆಯುವ ಸ್ಟೀಲಿನವನ್ನು ತಂದಿದ್ದಳು. ಹಿಡಿಯ ತುದಿಯಲ್ಲಿ ತೆಳುವಾದೊಂದು ಪಟ್ಟಿ, ಹಾಲಿಗೆ ನೀಲಿ, ಮಾಂಸಕ್ಕೆ ಕೆಂಪು.

ಸಾರು ಕುದಿಯುತ್ತಿತ್ತು. ಬಡಿಸುವ ಕಿಟಕಿ ಅರ್ಧ ತೆರೆದಿತ್ತು. ಭಾಷಣ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಯಾಯೆಲ್ ಕೇಳುತ್ತಿದ್ದಳು, ನಾಳೆ ಬೆಳಗ್ಗೆ ನೀವು ಯಾತಕ್ಕೆ ಏಳುತ್ತೀರಿ, ನೀವು ಏಳದಿದ್ದರೆ ಜಗತ್ತಿನಲ್ಲಿ ಏನು ಕಡಿಮೆಯಾಗುತ್ತದೆ ಎಂದು. ಎಲಾ ಇವಳಾ, ಎಂದುಕೊಂಡಳು ಫ್ರೂಮಾ. ಉತ್ತರ ಹುಡುಕತೊಡಗಿದಳು. ಈ ಕೀಲಿ ಹೋದರೆ ನಾನು ಏಳದಿದ್ದರೂ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ ಎನಿಸಿ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು, ಕೈಗೆ ಸಿಕ್ಕ ಸೌಟಿನಿಂದ ಸಾರನ್ನು ತಳದವರೆಗೂ ತಿರುವಿದಳು. ಆಮೇಲೆ ಹಿಡಿಯ ತುದಿ ನೋಡಿದಳು.

ಕೆಂಪು.

ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೌಟನ್ನು ತೊಳೆದು ಮಾಂಸದ ಕಡೆ ನೇತುಹಾಕಿದರೆ ಮುಗಿಯಿತು, ಸಾರಿನ ರುಚಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇರುವುದಿಲ್ಲ. ಅವಳು ನಲ್ಲಿಯ ತನಕ ಹೋದದ್ದೂ ನಿಜ. ನಲ್ಲಿ ತಿರುಗಿಸಲು ಕೈ ಬರಲಿಲ್ಲ. ಒಲೆ ಆರಿಸಿ, ಕಿಟಕಿಯಿಂದ ಶಿಫ್ರಾಳಿಗೆ ಕೈಸನ್ನೆ ಮಾಡಿ ಕರೆದಳು.

ಶಿಫ್ರಾ ಕೇಳಿ ಬಿಳಿಚಿಕೊಂಡಳು. ಹೊರಗೆ ಸಭಾಂಗಣ ತುಂಬ ಹಸಿದ ಹೆಂಗಸರು, ಒಳಗೆ ಹಂಡೆ ತುಂಬ ಮುಟ್ಟಬಾರದ ಸಾರು. ಅದೇ ಸೌಟಿಗೆ ತಗುಲಿ ಬೇರೆ ಏನೇನು ಕೆಟ್ಟಿತೋ ದೇವರೇ ಬಲ್ಲ. ಅವಳು ರಬ್ಬಿ ಎರ್ಲಂಗರರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

ರಬ್ಬಿ ಗಾಬರಿಯಾಗುವ ಮನುಷ್ಯರಲ್ಲ. ನಿಧಾನಕ್ಕೆ ಎಲ್ಲ ಕೇಳಿಸಿಕೊಂಡು, "ಆ ಸೌಟನ್ನ ಬಿಸಿ ಮಾಂಸದಡುಗೆಗೆ ಕೊನೇ ಸಲ ಹಾಕಿದ್ದು ಯಾವಾಗ ಫ್ರೂಮಾ? ಪೂರ್ತಿ ಒಂದು ದಿನ ಕಳೆದಿದ್ರೆ ಭಯ ಇಲ್ಲ, ಸಾರು ಊಟಕ್ಕಾಗುತ್ತೆ. ಇವತ್ತೇ ಹಾಕಿದ್ರೆ ಮಾತು ಬೇರೆ. ಯೋಚನೆ ಮಾಡಿ ಹೇಳಿ," ಎಂದರು.

ಯೋಚನೆ ಮಾಡಿ ಹೇಳುವುದು! ಈ ವಯಸ್ಸಿನಲ್ಲಿ ಅವಳ ಮೇಲಿದ್ದ ದೂರೇ ಮರೆವಿನದು. ಫ್ರೂಮಾ ಮೇಜಿನಂಚು ಹಿಡಿದು ನಿಂತಳು. ನಿನ್ನೆ ಬೆಳಗ್ಗೆ ಮಗುವಿನ ಸುನ್ನತಿಯ ಊಟ, ಅದರಲ್ಲಿ ಈ ಸೌಟಿನಿಂದಲೇ ಕೋಳಿ ಸಾರು ಬಡಿಸಿದ್ದು. ಮಧ್ಯಾಹ್ನದೊಳಗೆ ತೊಳೆದು ಬೀಗ ಹಾಕಿದ್ದು. ಅಲ್ಲಿಗೆ ಒಂದು ದಿನ ಕಳೆದು ಸಾಕಷ್ಟು ಹೊತ್ತಾಗಿತ್ತು. ಆದರೆ ಇವತ್ತು ಬೆಳಗ್ಗೆ ಕೆಮ್ಮುತ್ತಿದ್ದ ಕಾವಲುಗಾರ ಡೆರೆಕ್‌ಗೆ ಉಳಿದ ಕೋಳಿ ಸಾರನ್ನು ಕಾಯಿಸಿ ಕೊಟ್ಟಿದ್ದಳು. ಅದನ್ನು ಸೌಟಿನಿಂದ ಹಾಕಿದಳೋ, ಪಾತ್ರೆಯಿಂದಲೇ ಬಗ್ಗಿಸಿದಳೋ? ಎಷ್ಟು ತಿಣುಕಿದರೂ ನೆನಪಿಗೆ ಬರಲಿಲ್ಲ.

"ನೆನಪಿಲ್ಲ," ಎಂದಳು. ಸುಳ್ಳು ಹೇಳಬಹುದಿತ್ತು, ಒಂದೇ ಒಂದು ಮಾತು. ಹೇಳಲಿಲ್ಲ. ಶಿಫ್ರಾ ಅವಳ ಮುಖವನ್ನೇ ನೋಡುತ್ತಿದ್ದಳು.

ಡೆರೆಕ್‌ನನ್ನು ಬಾಗಿಲಿನಿಂದ ಕರೆಸಿದರು. ಅವನಿಗೆ ಈ ಹಾಲು-ಮಾಂಸದ ಗಲಾಟೆಯೊಂದೂ ತಿಳಿಯದು. ಬೆಳಗಿನ ಸಾರು ಹೇಗಿತ್ತೆಂದು ಕೇಳಲು ತನ್ನನ್ನು ಕರೆದರೆಂದುಕೊಂಡು, ಕಾಲು ಎತ್ತಿ ತೋರಿಸಿದ. ಬೂಟಿನ ಮೇಲೆ ದೊಡ್ಡದೊಂದು ಎಣ್ಣೆಯ ಕಲೆ.

"ಸಾರು ಚೆನ್ನಾಗಿತ್ತು ಮೇಡಂ. ಅರ್ಧ ಮಾತ್ರ ಲೋಟಕ್ಕೆ ಬಿತ್ತು. ಆ ಪಾತ್ರೆನ ಹಂಗೇ ಎತ್ತಿ ಬಗ್ಗಿಸಿದ್ರಲ್ಲ, ಇನ್ನರ್ಧ ಇಲ್ಲಿಗೆ ಬಂತು. ಆಮೇಲೆ ಬೈಸ್ಕೊಂಡಿದ್ದೂ ನಾನೇ."

ಕಲೆ ಕಂಡದ್ದೇ ತಡ, ಫ್ರೂಮಾಳಿಗೆ ಎಲ್ಲ ನೆನಪಾಯಿತು. ಪಾತ್ರೆಯ ಭಾರ, ಕೈಯಿಂದ ಜಾರಿದ ಬಟ್ಟೆ, ಕಾಲನ್ನು ಅಲ್ಲೇಕೆ ಇಟ್ಟಿದ್ದೀಯ ಎಂದು ಪಾಪ ಆ ಮನುಷ್ಯನನ್ನೇ ಗದರಿದ್ದು. "ಸೌಟು ಮುಟ್ಟೇ ಇಲ್ಲ ರಬ್ಬಿ," ಎಂದು ಫೋನಿಗೆ ಬಗ್ಗಿ ಹೇಳಿದಳು. "ಮುಟ್ಟಿದ್ರೆ ಇವನ ಬೂಟು ಉಳೀತಿತ್ತು."

ಆ ಕಡೆಯಿಂದ ರಬ್ಬಿ ನಕ್ಕದ್ದು ಕೇಳಿಸಿತು. ಹಾಗಿದ್ದರೆ ಧಾರಾಳವಾಗಿ ಬಡಿಸಿ ಎಂದರು. ಸೌಟನ್ನು ಮಾತ್ರ ಬೇರೆ ತೆಗೆದಿಟ್ಟು, ಒಂದು ಪೂರ್ತಿ ದಿನ ಬಿಟ್ಟು, ಕುದಿಯುವ ನೀರಿನಲ್ಲಿ ಮುಳುಗಿಸಿ ಶುದ್ಧ ಮಾಡಬೇಕು ಎಂದರು. ಫ್ರೂಮಾಳಿಗೆ ಹೋದ ಜೀವ ಬಂದಂತಾಯಿತು. ಶಿಫ್ರಾ ಸಕ್ಕರೆ ಡಬ್ಬದ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತು, ಅಳುತ್ತಲೂ ನಗುತ್ತಲೂ ತಲೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡಳು.

ಊಟ ಚೆನ್ನಾಗಿ ನಡೆಯಿತು. ಹೆಂಗಸರು ಎರಡೆರಡು ಸಲ ಸಾರು ಹಾಕಿಸಿಕೊಂಡರು. ಯಾಯೆಲ್ ಕಿಟಕಿಯ ಹತ್ತಿರ ಬಂದು, ನೀವೊಬ್ಬರು ನನ್ನ ಮಾತು ಕೇಳಲೇ ಇಲ್ಲವಲ್ಲ ಎಂದು ಮುದ್ದಾಗಿ ಆಕ್ಷೇಪಿಸಿದಳು.

"ಸಾಕಷ್ಟು ಕೇಳ್ದೆ," ಎಂದಳು ಫ್ರೂಮಾ. "ಇನ್ನೂ ಸ್ವಲ್ಪ ಕೇಳಿದ್ರೆ ಎಲ್ಲರೂ ಉಪವಾಸ ಮಲಗ್ಬೇಕಿತ್ತು." ಯಾಯೆಲ್‌ಗೆ ಅರ್ಥವಾಗಲಿಲ್ಲ. ಶಿಫ್ರಾ ಮಾತ್ರ ಬಾಯಿಗೆ ಟವೆಲ್ ಒತ್ತಿಕೊಂಡಳು.

ಜನ ಕರಗಿದರು. ಸಾರಿನ ಹಂಡೆಯೊಂದನ್ನು ಬಿಟ್ಟು ಪಾತ್ರೆಯೆಲ್ಲ ತೊಳೆದಾಯಿತು. ಫ್ರೂಮಾ ಏಪ್ರನ್ ಬಿಚ್ಚುವ ಮುಂಚೆ ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟಳು. ಸಂಜೆ ಹೇಗೆ ನಡೆಯುತ್ತದೋ ನೋಡೋಣ ಎಂದು ಶಿಫ್ರಾ ಅಂದಿದ್ದಳಲ್ಲ, ಅವಳು ನೋಡಿಯಾಗಿತ್ತು. ಅವಳು ಕೇಳಿದ ಮೇಲೆ ಕೊಡುವುದಕ್ಕಿಂತ ತಾನೇ ಇಡುವುದು ಮೇಲು ಎಂದು ಫ್ರೂಮಾಳಿಗೆ ಅನಿಸಿತ್ತು.

ಶಿಫ್ರಾ ಕೀಲಿಯನ್ನು ಮುಟ್ಟಲಿಲ್ಲ. "ಸುಮ್ನೆ ತೊಳೆದಿಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು ಆಂಟಿ?"

"ನಂಗೆ ಗೊತ್ತಿರ್ತಿತ್ತಲ್ಲ ಮಗಳೇ. ಹಾಗ್ ಮಾಡಿದ್ಮೇಲೆ ನಾನು ಯಾವ ಮುಖ ಇಟ್ಕೊಂಡು ನಿಮಗೆಲ್ಲ ಬಡಿಸ್ಲಿ?"

ಶಿಫ್ರಾ ಎದ್ದು ಹೋಗಿ ಆ ಸೌಟಿಗೆ ದಾರ ಕಟ್ಟಿ, ಯಾರೂ ತಪ್ಪಿ ಮುಟ್ಟದ ಹಾಗೆ ಎತ್ತರದ ಮೊಳೆಗೆ ತೂಗುಹಾಕಿದಳು. ಮರದ ಹಿಡಿಯ ಹಳೇ ಸೌಟುಗಳು ಇನ್ನೂ ತನ್ನ ಮನೆಯ ಗ್ಯಾರೇಜಿನಲ್ಲೇ ಇವೆ, ನಾಳೆಯೇ ತಂದುಬಿಡುತ್ತೇನೆ ಎಂದಳು. ಉಪ್ಪು ಕಡಿಮೆಯಾದರೆ ಮೇಲೆ ಹಾಕಿಕೊಳ್ಳಬಹುದು, ಒಲೆಯನ್ನು ಹೊರಡುವಾಗ ಡೆರೆಕ್ ನೋಡಿಕೊಳ್ಳಲಿ ಎಂದಳು. ಆಮೇಲೆ ಕೀಲಿಯನ್ನು ಒಂದು ಬೆರಳಿನಿಂದ ಮೇಜಿನ ಮೇಲೆ ತಳ್ಳುತ್ತ ಫ್ರೂಮಾಳ ಮುಂದಕ್ಕೆ ತಂದಳು.

"ನಾಡಿದ್ದು ಬೆಳಗ್ಗೆ ಆ ಸೌಟು ಕುದಿಸ್ಬೇಕಲ್ಲ. ಬೇಗ ಬಂದು ಬಾಗಿಲು ತೆಗೀಬೇಕು ನೀವು."

ಫ್ರೂಮಾ ಕೀಲಿಯನ್ನು ಜೇಬಿಗೆ ಹಾಕಿಕೊಂಡಳು. ಹಂಡೆಯ ತಳದಲ್ಲಿ ಉಳಿದಿದ್ದ ಸಾರನ್ನು ಎರಡು ಬಟ್ಟಲಿಗೆ ಬಗ್ಗಿಸಿ, ಒಂದನ್ನು ಶಿಫ್ರಾಳ ಕೈಗಿತ್ತು, ಬೆಳಗಿನಿಂದ ಮೊದಲ ಸಲ ಕೂತಳು.