ನಮ್ಮೂರ ಸರ್ಪಂಚಮ್ಮ ಸಿನಿಮಾದ ರಾಣಿಯಾದದ್ದು

ಆಂಧ್ರದ ಗಡಿಯೊಳಗಿನ ನೇಮಕಲ್ಲಿನ ಆಂಜನೇಯನ ಗುಡಿ ದಾಟಿ ಮಣ್ಣಿನ ದಾರಿ ಹಿಡಿದರೆ ಸಿಗುವ ನಮ್ಮೂರಿಗೆ ಉಜ್ಜಿನಮ್ಮ ಐದು ವರ್ಷ ಸರ್ಪಂಚ್ ಆಗಿದ್ದಳು. ಹಾಗಂತ ಪಂಚಾಯಿತಿ ಗೋಡೆಯ ಮೇಲೆ ಬರೆದಿದೆ. ಬರೆಯದಿದ್ದರೆ, ಆಕೆಯನ್ನು ಅಲ್ಲಿ ಕಂಡವರನ್ನು ಹುಡುಕಿ ಸಾಕ್ಷಿ ಹೇಳಿಸಬೇಕಾಗುತ್ತಿತ್ತು. ಸೀಟು ಹೆಂಗಸರಿಗೆ ಮೀಸಲಾಗಿದ್ದರಿಂದ ಆಕೆ ನಿಂತಳು, ಗೆದ್ದಳು, ಪ್ರಮಾಣ ಮಾಡಿದಳು, ಮನೆಗೆ ಹೋಗಿ ಕುರಿಮರಿಗಳಿಗೆ ಸೊಪ್ಪು ಹಾಕಿದಳು. ಕುರ್ಚಿಯಲ್ಲಿ ಕೂತವನು ಗಂಡ ಜುಂಜಣ್ಣ.

ಜುಂಜಣ್ಣ ತಾನಾಗಿ ಏನನ್ನೂ ಮಾಡಿದವನಲ್ಲ. ಏನು ಕೇಳಿದರೂ ಅವನದು ಒಂದೇ ಮಾತು: "ಸರ್ಪಂಚಮ್ಮ ಹೇಳ್ಯಾರ್ರಿ, ಏನ್ ಮಾಡಾಕ ಬರ್ತೈತಿ?" ಬೀದಿದೀಪ ತನ್ನ ಮನೆ ಮುಂದೆಯೇ ಯಾಕೆ ಅಂದರೂ ಸರ್ಪಂಚಮ್ಮ ಹೇಳ್ಯಾರ. ಮೂಡಲ ಓಣಿಯವರು ವೋಟು ಹಾಕಲಿಲ್ಲವೆಂದು ಆ ಕಡೆಯ ನೀರಿನ ವಾಲ್ವ್ ಬಂದ್ ಮಾಡಿಸಿದಾಗಲೂ ಸರ್ಪಂಚಮ್ಮನೇ ಹೇಳಿದ್ದರು. ಸರ್ಪಂಚಮ್ಮ ಆ ಹೊತ್ತಿನಲ್ಲಿ ಹಿತ್ತಲಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದರು.

ಆ ಮೂಡಲ ಓಣಿಯಲ್ಲೇ ಪಾಪಕ್ಕನ ಮನೆ. ಪಾಪಕ್ಕ, ಉಜ್ಜಿನಮ್ಮ ಇಬ್ಬರೂ ಮಡಕಶಿರಾ ಕಡೆಯ ಗುಡಿಬಂಡೆಯಿಂದ ಮದುವೆಯಾಗಿ ಬಂದವರು. ಅವರ ಮಾತು ಕೇಳಿ ನಮ್ಮ ಹೆಂಗಸರು ಬಾಯಿಗೆ ಸೆರಗಿಟ್ಟು ನಗುತ್ತಿದ್ದರು. ಬರಬರುತ್ತ ಇಬ್ಬರೂ ನಮ್ಮ ಹಾಗೆ ಮಾತಾಡಲು ಕಲಿತರು. ತಮ್ಮತಮ್ಮಲ್ಲಿ ಮಾತ್ರ ತವರಿನ ಮಾತು. ಒಬ್ಬಳದು ಕೂಲಿಯ ಮನೆ, ಇನ್ನೊಬ್ಬಳದು ಕುರಿಯ ಮನೆ. ಆದರೂ ಕಳೆ ತೆಗೆಯಲು ಜೊತೆಗೆ ಕೂತರೆ ಸಾಲು ಮುಗಿದರೂ ಅವರ ಹರಟೆ ಮುಗಿಯುತ್ತಿರಲಿಲ್ಲ.

ನೀರು ನಿಂತ ಆ ಬೇಸಿಗೆಯಲ್ಲಿ ಪಾಪಕ್ಕ ಪಂಚಾಯಿತಿಗೆ ಹೋಗಲಿಲ್ಲ, ಜುಂಜಣ್ಣನ ಹತ್ತಿರವೂ ಹೋಗಲಿಲ್ಲ. ನೇರ ಉಜ್ಜಿನಮ್ಮನ ಬಾಗಿಲಿಗೆ ಬಂದಳು. "ವಾಲ್ವ್ ಬಿಡ್ಸೇ. ಹೊಲದ ಬೋರಿಂದ ಹೊತ್ತೂ ಹೊತ್ತೂ ಸಾಕಾಗೈತೆ" ಎಂದಳು. ಉಜ್ಜಿನಮ್ಮ ಹೊಸಲಿನ ಒಳಗೇ ನಿಂತು, "ಅವರನ್ನ ಕೇಳೆ, ನಂಗೇನ್ ಗೊತ್ತು" ಎಂದಳು. ಪಾಪಕ್ಕ ತಿರುಗಿ ಹೋದಳು. ಅದೇ ವಾರ ಪಾಪಕ್ಕನ ಅತ್ತೆ ಕೊಡ ಹೊತ್ತು ಬರುವಾಗ ಬದುವಿನ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಹಾಸಿಗೆ ಹಿಡಿದವಳು ಮುಂದಿನ ಯುಗಾದಿ ನೋಡಲಿಲ್ಲ.

ಅಲ್ಲಿಗೆ ಮಾತು ನಿಂತಿತು. ಉಜ್ಜಿನಮ್ಮ ಎದುರಾದರೆ ಪಾಪಕ್ಕ ಮೋಡ ನೋಡಿಕೊಂಡು ಹೋಗುವಳು. ನಮ್ಮೂರಲ್ಲಿ ಮೋಡ ಎಲ್ಲಿಂದ ಬರಬೇಕು? ಆದರೂ ನೋಡುವಳು. ಉಜ್ಜಿನಮ್ಮನಿಗೆ ತವರಿನ ಮಾತಾಡಲು ಕುರಿಗಳನ್ನು ಬಿಟ್ಟರೆ ಯಾರೂ ಉಳಿಯಲಿಲ್ಲ. ಸರ್ಪಂಚ್‌ಗಿರಿ ಹೋದದ್ದಕ್ಕೆ ಆಕೆ ಒಂದು ದಿನವೂ ಕೊರಗಿದವಳಲ್ಲ. ಕೊರಗಿದ್ದೆಲ್ಲ ಪಾಪಕ್ಕನಿಗಾಗಿ.

ಹೀಗಿರುವಾಗ ಮೂಡಲ ಓಣಿಯ ಚಂದ್ರಮೋಹನ್, ಹೈದರಾಬಾದಿನಲ್ಲಿ ಸಿನಿಮಾದವರ ಹಿಂದೆ ತಿರುಗಿ ತಿರುಗಿ, ಕೊನೆಗೆ ತಾನೇ ಒಂದು ಸಿನಿಮಾ ತೆಗೆದ. ಮುಂದಿನ ಕಾಲದ ಕತೆ, ಬೇರೆ ಗ್ರಹ. ಅಲ್ಲಿ ಉಸಿರಾಡುವ ಗಾಳಿಯೂ ಪೈಪಿನಲ್ಲಿ ಬರಬೇಕು. ಸಿಂಹಾಸನದ ಮೇಲೆ ಬೆಳ್ಳಿ ಮುಖದ ರಾಣಿ, ತುಟಿ ಬಿಚ್ಚುವುದಿಲ್ಲ. ಪಕ್ಕದಲ್ಲಿ ನಿಂತ ಖಳ ಒಂದೊಂದು ಕೇರಿಯ ಗಾಳಿ ನಿಲ್ಲಿಸುವಾಗಲೂ "ರಾಣಿಯವರ ಅಪ್ಪಣೆ" ಎನ್ನುತ್ತಾನೆ. ಈ ಖಳನಿಗೆ ಯಾವ ದೇಶದ ಸರ್ವಾಧಿಕಾರಿ ಸ್ಫೂರ್ತಿ ಎಂದು ಟೀವಿಯ ಹುಡುಗಿ ಕೇಳಿದಳು. ಜರ್ಮನಿ, ಇಟಲಿ ಎಲ್ಲ ಆಕೆಯ ನಾಲಿಗೆಯ ತುದಿಯಲ್ಲೇ ಇದ್ದವು. ಇವನು, "ಅಷ್ಟು ದೂರ ಯಾಕ ಮೇಡಂ? ನಮ್ಮೂರ ಪಂಚಾಯಿತಿ ಐತಲ್ರಿ" ಎಂದುಬಿಟ್ಟ.

ಬೇರೆಯವರಾಗಿದ್ದರೆ ತಲೆ ತಗ್ಗಿಸಿ ಓಡಾಡುತ್ತಿದ್ದರು. ಜುಂಜಣ್ಣ ಹೊಸ ಪಂಚೆ ಉಟ್ಟ. "ಇಡೀ ಗ್ರಹ ಆಳಾಕ ನನ್ನ ಮಾದರಿ ತಗಂಡಾರ, ನೋಡ್ರಿ" ಎಂದು ಅಂಗಡಿಯಲ್ಲಿ ಕಂಡವರಿಗೆಲ್ಲ ಚಹಾ ಕುಡಿಸಿದ. ಸಿನಿಮಾದ ಖಳನ ಮೀಸೆ ಮೇಲಕ್ಕೆ ತಿರುಗಿತ್ತು, ಇವನದು ಕೆಳಕ್ಕೆ ಇಳಿದಿತ್ತು. ರಾಯದುರ್ಗಕ್ಕೆ ಹೋಗಿ ಮೇಲಕ್ಕೆ ತಿರುಗಿಸಿಕೊಂಡು ಬಂದ. ಅವನ ಕಡೆಯವರು ಬಸ್‌ಸ್ಟ್ಯಾಂಡಿನಲ್ಲಿ "ನಮ್ಮೂರ ಹೆಮ್ಮೆಯ ಖಳನಾಯಕನಿಗೆ ಅಭಿನಂದನೆಗಳು" ಎಂದು ಫ್ಲೆಕ್ಸ್ ಕಟ್ಟಿದರು. ಮುಂದಿನ ಸಲವೂ ಸೀಟು ಹೆಂಗಸರಿಗೇ ಎಂಬ ಸುದ್ದಿ ಇದ್ದುದರಿಂದ ಮೂಲೆಯಲ್ಲಿ ಉಜ್ಜಿನಮ್ಮನ ಫೋಟೋ ಕೂಡ ಇತ್ತು, ಅಂಚೆಚೀಟಿಯಷ್ಟು. ನೋಡಿ ನನಗೆ ಮೈಯೆಲ್ಲ ಉರಿಯಿತು. ಆದರೆ ಚಹಾ ನಾನೂ ಕುಡಿದಿದ್ದೆ.

ಊರಿಗೆ ಊರೇ ಟೆಂಪೋ ಮಾಡಿಕೊಂಡು ರಾಯದುರ್ಗಕ್ಕೆ ಹೋಗಿ ಸಿನಿಮಾ ನೋಡಿತು. ಕೊನೆಗೆ ಜನ ದಂಗೆ ಎದ್ದು ಖಳನನ್ನು ಗ್ರಹದಿಂದಾಚೆ ಎಸೆಯುತ್ತಾರೆ. ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹಾಕಿದವನು ಜುಂಜಣ್ಣ. ರಾಣಿ ಒಬ್ಬಳೇ ಉಳಿಯುತ್ತಾಳೆ. ನೋಡಿದರೆ ಗಾಳಿಯ ವಾಲ್ವ್ ಸಿಂಹಾಸನದ ತೋಳಿನಲ್ಲೇ ಇದೆ, ಆಕೆಯ ಕೈಗೆ ಎಟಕುವಂತೆ. ಯಾಕಮ್ಮ ತಿರುಗಿಸಲಿಲ್ಲ ಎಂದರೆ, "ನನ್ನನ್ನು ಯಾರೂ ಕೇಳಲಿಲ್ಲ" ಎನ್ನುತ್ತಾಳೆ. ಆಕೆಗಿರುವುದು ಅದೊಂದೇ ಡೈಲಾಗು. ಥಿಯೇಟರಿನ ಹೆಂಗಸರೆಲ್ಲ ಲೊಚಗುಟ್ಟಿ ಕಣ್ಣೊರೆಸಿಕೊಂಡರು. ಉಜ್ಜಿನಮ್ಮ ಮಾತ್ರ ಅಳಲಿಲ್ಲ, ಬೆವೆತಳು.

ಆಮೇಲೆ ಪಂಚಾಯಿತಿ ಅಂಗಳದಲ್ಲಿ ಸನ್ಮಾನ. ಚಂದ್ರಮೋಹನ್ ಬಂದ. ಜುಂಜಣ್ಣನಿಗೆ ಶಾಲು, ಹಾರ, ಸೇಬಿನ ಬುಟ್ಟಿ. ಚಂದ್ರಮೋಹನ್ ಮೈಕಿನಲ್ಲಿ, "ರಾಣಿ ಅಂದ್ರ ನಮ್ಮ ಉಜ್ಜಿನಮ್ಮಾರು. ಆಯಮ್ಮಗ ಏನೂ ಗೊತ್ತಿರಲಿಲ್ರಿ. ಯಾರೂ ಆಯಮ್ಮನ್ನ ಕೇಳ್ಲೂ ಇಲ್ಲ" ಎಂದು ಆಕೆಯ ಕಾಲು ಮುಟ್ಟಿದ. ಹೆಂಗಸರು ಚಪ್ಪಾಳೆ ತಟ್ಟಿದರು. ಸರ್ಪಂಚಮ್ಮ ಎರಡು ಮಾತು ಹೇಳಲಿ ಎಂದು ಯಾರೋ ಕೂಗಿದರು. ಜುಂಜಣ್ಣ ಅಭ್ಯಾಸಬಲದಿಂದ ಮೈಕು ತೆಗೆದುಕೊಂಡು, "ಸರ್ಪಂಚಮ್ಮ ಹೇಳೋದೇನಂದ್ರ..." ಎಂದು ಶುರು ಮಾಡಿದ.

"ಕೊಡ್ರಿ ಇಲ್ಲಿ" ಎಂದು ಉಜ್ಜಿನಮ್ಮ ಮೈಕು ಕಸಿದುಕೊಂಡಳು. "ಸಿನಿಮಾದಾಗ ಸುಳ್ಳೈತಿ. ನನ್ನ ಕೇಳಿದ್ರು. ಪಾಪಕ್ಕ ನಮ್ಮ ಬಾಗಿಲಿಗೆ ಬಂದು ಕೇಳಿದ್ಲು. ಪಂಚಾಯಿತಿ ಸೆಕ್ರೆಟರಿಗೆ ನಾ ಒಂದು ಮಾತು ಅಂದಿದ್ರ ನೀರು ಬಿಡ್ತಿದ್ದ. ಅನ್ನಲಿಲ್ಲ. ನನಗೆಲ್ಲ ಗೊತ್ತಿತ್ತು."

"ತಮಾಷಿ ಮಾಡ್ತಾಳ" ಎಂದು ಜುಂಜಣ್ಣ ನಕ್ಕ. ಅವನ ಜೊತೆ ಯಾರೂ ನಗಲಿಲ್ಲ. ಚಂದ್ರಮೋಹನ್ ಏನು ಮಾಡಬೇಕೋ ತೋಚದೆ ಸೇಬಿನ ಬುಟ್ಟಿಯನ್ನು ಈ ಕಡೆಯಿಂದ ಆ ಕಡೆಗೆ ಇಟ್ಟ.

ಪಾಪಕ್ಕ ಹಿಂದೆ ಬೇವಿನ ಮರದ ಬುಡದಲ್ಲಿ ಕೂತಿದ್ದಳು. ಉಜ್ಜಿನಮ್ಮ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಎದುರು ಕುಕ್ಕರಿಸಿದಳು. ಅಷ್ಟು ಹೊತ್ತಿಗೆ ಅಳು ತಡೆಯಲಾಗಲಿಲ್ಲ. "ಬೈದ್ಬಿಡೇ ನನ್ನ. ಒಂದ್ಸಲ ಬಾಯ್ತುಂಬ ಬೈದ್ಬಿಡು" ಎಂದಳು.

ಪಾಪಕ್ಕ ಆಕೆಯ ಮುಖವನ್ನೇ ನೋಡಿದಳು.

"ದಿನಾ ಬೈತಾನೇ ಇದ್ದೀನಿ ಕಣೆ" ಎಂದಳು. "ನಮ್ಮತ್ತೆ ಸಾಯೋಗಂಟ ನಿನ್ ಗಂಡಂಗೆ ಬೈದ್ಲು. ಊರೆಲ್ಲ ಅವನಿಗೇ ಬೈತು. ನಿಂಗೆ ಬೈದೋಳು ನಾನೊಬ್ಳೇ. ಈ ಊರಾಗೆ ನಿನ್ನ ಸರ್ಪಂಚ್ ಅಂತ ತಿಳ್ಕಂಡಿದ್ದೋಳೂ ನಾನೊಬ್ಳೇ."